ಅನುಮಾನದ ಎರಡು ಅರ್ಥಗಳು: ದುರ್ಗಸಿಂಹನ ವೃಕ್ಷಸಾಕ್ಷಿ ಮತ್ತು ಸಾಂದರ್ಭಿಕ ಸಾಕ್ಷ್ಯ

‘ಅನುಮಾನ’ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ನ್ಯಾಯದರ್ಶನದಲ್ಲಿ ಅದೊಂದು ಪ್ರಮಾಣ. ಬೆಟ್ಟದ ಮೇಲಣ ಹೊಗೆಯಿಂದ ಬೆಂಕಿಯನ್ನು ನಿಶ್ಚಯಿಸುವ ಜ್ಞಾನಮಾರ್ಗ. ಆಡುಮಾತಿನಲ್ಲಿ ಅದು ಬರಿಯ ಸಂಶಯ. ಕಣ್ಣಾರೆ ಕಂಡವರಿಲ್ಲದ ಕೊಲೆಯನ್ನು ಸಾಂದರ್ಭಿಕ ಸಾಕ್ಷ್ಯದಿಂದ ಸಿದ್ಧಪಡಿಸುವ ಸಮಸ್ಯೆ ಈ ಎರಡು ಅರ್ಥಗಳ ನಡುವೆಯೇ ಇದೆ. ದುರ್ಗಸಿಂಹನ ‘ಪಂಚತಂತ್ರ’ದ ವೃಕ್ಷಸಾಕ್ಷಿ ಪ್ರಸಂಗವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ದುರ್ಗಸಿಂಹನು ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ. ಕೃತಿಯ ಕಾಲ ಸುಮಾರು ಕ್ರಿ.ಶ. 1031. ಹೂಳಿಟ್ಟ ಹೊನ್ನನ್ನು ತಾನೇ ಕದ್ದ ದುಷ್ಟಬುದ್ಧಿಯು ಧರ್ಮಬುದ್ಧಿಯ ಮೇಲೆ ಕಳವನ್ನು ಹೊರಿಸಿ, ಆಲದ ಮರವೇ ಸಾಕ್ಷಿಯೆನ್ನುತ್ತಾನೆ. ಪೊಟರೆಯಲ್ಲಿ ಅಡಗಿದ ಅವನ ತಂದೆ ಮರದ ಹೆಸರಿನಲ್ಲಿ ಸುಳ್ಳು ನುಡಿಯುತ್ತಾನೆ. ಧರ್ಮಬುದ್ಧಿಯು ಪೊಟರೆಯನ್ನೂ ಮನುಷ್ಯಸಂಚಾರದ ಕುರುಹನ್ನೂ ಕಂಡು, ಕೃತಕವಿದೆಯೆಂದು ಬಗೆದು ಬೆಂಕಿಯಿಡುತ್ತಾನೆ. ಉರಿಗೆ ಸಿಲುಕಿದ ಮುದುಕ ಹೊರಬೀಳುತ್ತಾನೆ.

ಈ ಕಥೆಯನ್ನು ಧರ್ಮದ ಜಯವೆಂದು ಓದುವುದು ವಾಡಿಕೆ. ಆ ಓದು ತಪ್ಪಲ್ಲ, ಆದರೆ ಸಾಲದು. ಇಲ್ಲಿ ಸುಳ್ಳಾಡಿದ್ದು ಪ್ರತ್ಯಕ್ಷ ಸಾಕ್ಷಿ. ಅದನ್ನು ಬಯಲಿಗೆಳೆದದ್ದು ಮೂಕವಾದ ಕುರುಹು. ಹಾಗೆಂದು ಕುರುಹು ತಾನಾಗಿಯೇ ಸತ್ಯವನ್ನು ನುಡಿಯಿತೇ? ಆ ಹೆಜ್ಜೆಗಳು ನೆರಳಿಗೆ ಬಂದ ದನಗಾಹಿಯವೂ ಆಗಿರಬಹುದಿತ್ತು. ಓದುಗನಿಗೆ ಈ ಶಂಕೆ ಹುಟ್ಟದಿರಲು ಕಾರಣ ಸ್ಪಷ್ಟ: ಕಳ್ಳನಾರೆಂದು ಕವಿ ಮೊದಲೇ ಹೇಳಿದ್ದಾನೆ. ಸಾಕ್ಷ್ಯದ ಬಿರುಕನ್ನು ಕಥನ ಮುಚ್ಚಿದೆ.

ನ್ಯಾಯಾಧೀಶನಿಗೆ ಇಂಥ ಕವಿಯ ನೆರವಿಲ್ಲ. ಪುಣೆಯಲ್ಲಿ 1982ರಲ್ಲಿ ವಿಷದಿಂದ ಸಂಭವಿಸಿದ ಗೃಹಿಣಿಯೊಬ್ಬರ ಸಾವಿನ ಮೊಕದ್ದಮೆಯಲ್ಲಿ ಸೆಷನ್ಸ್ ನ್ಯಾಯಾಲಯ ಪತಿಗೆ ಮರಣದಂಡನೆ ವಿಧಿಸಿತು. ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಾರ್ಡಾ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿ ಐದು ಸೂತ್ರಗಳನ್ನು ನಿರೂಪಿಸಿತು. ಪ್ರತಿಯೊಂದು ಸಂಗತಿಯೂ ಪೂರ್ಣವಾಗಿ ಸಿದ್ಧವಾಗಬೇಕು, ಅವು ಅಪರಾಧಕ್ಕೆ ಮಾತ್ರ ಹೊಂದಬೇಕು, ನಿರ್ಣಾಯಕ ಸ್ವರೂಪದವಾಗಿರಬೇಕು, ಬೇರೆಲ್ಲ ಊಹೆಗಳನ್ನು ತಳ್ಳಿಹಾಕಬೇಕು, ಸರಪಳಿ ಅಖಂಡವಾಗಿರಬೇಕು. ನೈಯಾಯಿಕರು ‘ವ್ಯಾಪ್ತಿ’ ಎಂದು ಬಯಸಿದ ತಪ್ಪದ ಸಂಬಂಧಕ್ಕೆ ಈ ಬೇಡಿಕೆ ಸಮೀಪವಾದುದು. ಸಂಶಯ ಎಷ್ಟೇ ಬಲವಾಗಿದ್ದರೂ ಪ್ರಮಾಣವಾಗದು.

ಇದರಿಂದ ಅಪರಾಧಿಗಳೆಲ್ಲ ಪಾರಾಗುತ್ತಾರೆಂಬ ಆಕ್ಷೇಪ ನಿಲ್ಲದು. ನೆರೂಳವನ್ನೊಳಗೊಂಡ ನವಿ ಮುಂಬಯಿ ಪೊಲೀಸ್ ದಳದ ಮಹಿಳಾ ಅಧಿಕಾರಿಯೊಬ್ಬರು 2016ರಲ್ಲಿ ಕಾಣೆಯಾದರು. ಅವರ ಮೃತದೇಹ ದೊರೆಯಲೇ ಇಲ್ಲ. ಆದರೂ ಸಾಂದರ್ಭಿಕ ಮತ್ತು ತಾಂತ್ರಿಕ ಸಾಕ್ಷ್ಯಗಳ ಆಧಾರದ ಮೇಲೆ ಪನವೇಲ್ ಸೆಷನ್ಸ್ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಮುಖ್ಯ ಆರೋಪಿಯಾದ ಪೊಲೀಸ್ ಅಧಿಕಾರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹೆಣವೇ ಇಲ್ಲದೆಡೆಯೂ ಕೊಲೆ ಸಿದ್ಧವಾಗಬಲ್ಲದು. ಕೊಂಡಿ ಮಾತ್ರ ಕಳಚಿರಬಾರದು.

ಇಷ್ಟರಿಂದ ದುರ್ಗಸಿಂಹನ ಕಥೆಯ ಬೆಲೆ ಕುಗ್ಗುವುದಿಲ್ಲ. ನುಡಿದ ಸಾಕ್ಷಿಗಿಂತ ನುಡಿಯದ ಕುರುಹನ್ನು ನೋಡಬೇಕೆಂಬ ಅದರ ವಿವೇಕ ಇಂದಿಗೂ ಸಲ್ಲುತ್ತದೆ. ಆದರೆ ಧರ್ಮಬುದ್ಧಿಯ ಅನುಮಾನ ಪ್ರಮಾಣವಾದದ್ದು ಬೆಂಕಿಯಿಟ್ಟ ಮೇಲೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವುದು ತರ್ಕ. ತಿಳಿಯಲೆಂದೇ ಬೆಂಕಿಯಿಡುವುದು ಸಾಹಸ. ಕಥೆಗೆ ಸಲ್ಲುವ ಈ ಸಾಹಸ, ಮನುಷ್ಯನ ಪ್ರಾಣ ತಕ್ಕಡಿಯಲ್ಲಿರುವಾಗ ನ್ಯಾಯಪೀಠಕ್ಕೆ ಸಲ್ಲದು.