ಮಲಗಿಸುವುದೇ ಸೇವೆಯಲ್ಲ

ಹಿರಿಯರ ಆರೈಕೆಯ ಮಾತು ಬಂದರೆ ನಮ್ಮಲ್ಲಿ ಕೇಳಿಬರುವ ದೂರು ಒಂದೇ: ಮಕ್ಕಳು ನೋಡಿಕೊಳ್ಳುವುದಿಲ್ಲ. ದೂರಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಜತನದಿಂದ ನೋಡಿಕೊಳ್ಳುವ ಮನೆಗಳಲ್ಲೇ ನಡೆಯುವ ಇನ್ನೊಂದು ಹಾನಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಿದ್ದಾರೆಂದು ಏಳಗೊಡುವುದಿಲ್ಲ, ದಣಿದಾರೆಂದು ಸೊಪ್ಪು ಸೋಸಲೂ ಬಿಡುವುದಿಲ್ಲ. ಊಟ, ನೀರು, ಮಾತ್ರೆ ಎಲ್ಲವೂ ಮಂಚದ ಬಳಿಗೇ ಬರುತ್ತವೆ. ‘ಈ ವಯಸ್ಸಿನಲ್ಲಿ ನಿಮಗೇಕೆ ಇದೆಲ್ಲ, ಸುಮ್ಮನೆ ಮಲಗಿರಿ’ ಎನ್ನುವ ಸೊಸೆಯನ್ನು ಊರೆಲ್ಲ ಹೊಗಳುತ್ತದೆ. ವಯಸ್ಸಾದವರಿಗೆ ವಿಶ್ರಾಂತಿಯೇ ಮದ್ದು ಎಂಬ ಈ ನಂಬಿಕೆ ಮನೆಯಲ್ಲಿದೆ, ಆಸ್ಪತ್ರೆಯಲ್ಲಿದೆ, ಸರ್ಕಾರದ ಯೋಜನೆಗಳಲ್ಲೂ ಇದೆ. ಅದು ತಪ್ಪು ಎಂಬುದು ನನ್ನ ವಾದ. ವೃದ್ಧರ ವೈದ್ಯಕೀಯ ಎಂಬ ಶಾಖೆ ಬೆಳೆದು ನಿಂತದ್ದೇ ಈ ನಂಬಿಕೆಯನ್ನು ಎದುರು ಹಾಕಿಕೊಂಡು.

ಜೆರಿಯಾಟ್ರಿಕ್ಸ್ ಎಂಬ ಹೆಸರನ್ನು 1909ರಲ್ಲಿ ಕೊಟ್ಟವರು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್. ವಾರ್ಡಿನಲ್ಲಿ ಅದನ್ನು ಮಾಡಿ ತೋರಿಸಿದವರು ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಾರ್ಜರಿ ವಾರನ್. 1935ರಲ್ಲಿ ಪಕ್ಕದ ಬಡವರ ಆಶ್ರಯಶಾಲೆಯ ರೋಗಿಗಳ ಹೊಣೆ ಅವರ ಹೆಗಲಿಗೆ ಬಿತ್ತು. ಅಲ್ಲಿ 714 ಹಾಸಿಗೆಗಳಿದ್ದವು. ಪಾರ್ಶ್ವವಾಯು ಬಡಿದವರು, ಮೂಳೆ ಮುರಿದವರು, ಬುದ್ಧಿಭ್ರಮೆಯವರು, ಏನಾಗಿದೆಯೆಂದು ಯಾರೂ ಪರೀಕ್ಷಿಸಿಯೇ ನೋಡದವರು ಎಲ್ಲರೂ ಒಟ್ಟಿಗೆ ಮಲಗಿದ್ದರು. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿ ವಿಂಗಡಿಸಿದರು. ವಾರ್ಡಿಗೆ ಬಣ್ಣ ಬಳಿಸಿದರು, ಬೆಳಕು ಮಾಡಿಸಿದರು, ಕುರ್ಚಿ ತರಿಸಿದರು. ಏಳಿಸಿದರು, ಕೂರಿಸಿದರು, ನಡೆಸಿದರು. ಎಷ್ಟೋ ಮಂದಿ ಮನೆಗೆ ಮರಳಿದರು, ಹಾಸಿಗೆಗಳ ಸಂಖ್ಯೆ ಸುಮಾರು 240ಕ್ಕೆ ಇಳಿಯಿತು. ಅವರಲ್ಲಿ ಹಲವರನ್ನು ಹಾಸಿಗೆಗೆ ಕಟ್ಟಿಹಾಕಿದ್ದದ್ದು ಮುಪ್ಪಲ್ಲ, ಚಿಕಿತ್ಸೆಯ ಅಭಾವ. 1940ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಅವರು ಬರೆದ ಲೇಖನಗಳ ಸಾರ ಇದೇ.

ಮಲಗಿದರೆ ದೇಹಕ್ಕೆ ಏನಾಗುತ್ತದೆ? 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅವರಿಗೆ ಜ್ವರವಿರಲಿಲ್ಲ, ಊಟಕ್ಕೆ ಕೊರತೆಯಿರಲಿಲ್ಲ. ಆದರೂ ಹತ್ತು ದಿನ ಮುಗಿಯುವಷ್ಟರಲ್ಲಿ ಕಾಲುಗಳಲ್ಲೇ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ಜ್ವರ ಬಂದು, ಊಟ ಬಿಟ್ಟು, 80ರ ವಯಸ್ಸಿನಲ್ಲಿ ಮಲಗಿದವರ ಪಾಡನ್ನು ಇದರ ಮೇಲೆ ನೀವೇ ಲೆಕ್ಕ ಹಾಕಿ. ಹಾಗೆಂದು ಕರಗಿದ್ದು ಮರಳದೆಂದಲ್ಲ. 1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ನರ್ಸಿಂಗ್ ಹೋಮಿನಲ್ಲಿದ್ದ ತೊಂಬತ್ತರ ಆಸುಪಾಸಿನವರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟು ಮೀರಿ ಬೆಳೆಯಿತು. ಅದು ಹತ್ತು ಮಂದಿಯ ಚಿಕ್ಕ ಅಧ್ಯಯನ, ನಿಜ. 1994ರಲ್ಲಿ ನೂರು ಮಂದಿಯ ಮೇಲೆ ನಡೆದದ್ದೂ ಅದೇ ದಿಕ್ಕಿನ ಫಲ ಕೊಟ್ಟಿತು. ‘ಇನ್ನು ಈ ವಯಸ್ಸಿನಲ್ಲಿ ಎಲ್ಲಿಯ ಶಕ್ತಿ’ ಎನ್ನುವವರು ಈ ಫಲಿತಾಂಶಕ್ಕೆ ಉತ್ತರ ಹೇಳಬೇಕು.

ಈಗ ನಮ್ಮ ಯಾವುದಾದರೂ ಜನರಲ್ ವಾರ್ಡಿಗೆ ಹೋಗಿ ನೋಡಿ. ನ್ಯುಮೋನಿಯಾ ಎಂದು ದಾಖಲಾದ ಎಪ್ಪತ್ತೆಂಟರ ಅಜ್ಜಿ. ಹಿಂದಿನ ವಾರದ ತನಕ ತಾವೇ ಸ್ನಾನ ಮಾಡಿ, ಹೂ ಬಿಡಿಸಿ, ದೇವರಿಗೆ ದೀಪ ಹಚ್ಚುತ್ತಿದ್ದವರು. ಈಗ ಕೈಗೆ ಡ್ರಿಪ್ ಇದೆ. ಕರೆದುಕೊಂಡು ಹೋಗಲು ಆಳಿಲ್ಲವೆಂದು ಮೂತ್ರಕ್ಕೆ ಕ್ಯಾಥೆಟರ್ ಹಾಕಿದ್ದಾರೆ. ಕನ್ನಡಕ ಕಳೆದುಹೋದೀತೆಂದು ಮಗಳ ಬ್ಯಾಗಿನಲ್ಲಿದೆ, ಕಿವಿಯ ಮೆಷಿನ್ ಮನೆಯ ಬೀರುವಿನಲ್ಲಿದೆ. ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುತ್ತದೆ. ಮೂರನೆಯ ರಾತ್ರಿ ಅಜ್ಜಿ ಎಂದೋ ತೀರಿಹೋದ ತಂಗಿಯನ್ನು ಕೂಗಿ ಕರೆಯುತ್ತಾರೆ, ಸೂಜಿ ಕಿತ್ತೆಸೆಯುತ್ತಾರೆ. ಕೈ ಕಟ್ಟಿ ನಿದ್ದೆಯ ಇಂಜೆಕ್ಷನ್ ಕೊಡುತ್ತಾರೆ. ಬಂಧುಗಳು ‘ಅರಳುಮರಳು’ ಎಂದು ತಲೆಯಾಡಿಸುತ್ತಾರೆ. ನ್ಯುಮೋನಿಯಾ ವಾಸಿಯಾಯಿತೆಂದು ಡಿಸ್ಚಾರ್ಜ್ ಆಗುತ್ತದೆ. ನಡೆದು ಬಂದವರು ಸ್ಟ್ರೆಚರಿನಲ್ಲಿ ಮನೆಗೆ ಹೋಗುತ್ತಾರೆ.

ವೈದ್ಯರು ಡೆಲಿರಿಯಮ್ ಎಂದು ಕರೆಯುವ ಈ ಹಠಾತ್ ಗೊಂದಲ ಮುಪ್ಪಿನ ಸಹಜ ಘಟ್ಟವಲ್ಲ. ಎಷ್ಟೋ ಸಲ ಅದನ್ನು ತಡೆಯಬಹುದು. 1999ರಲ್ಲಿ ಶರೋನ್ ಇನೂಯೆ ಮತ್ತು ಸಂಗಡಿಗರು 70 ದಾಟಿದ 852 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 15 ಮಂದಿಗೆ ಈ ಗೊಂದಲ ಬಂದರೆ, ವಿಶೇಷ ಆರೈಕೆ ಪಡೆದವರಲ್ಲಿ ಶೇ 9.9 ಮಂದಿಗೆ ಮಾತ್ರ. ಆ ವಿಶೇಷ ಆರೈಕೆಯಲ್ಲಿ ದುಬಾರಿ ಯಂತ್ರವೇನೂ ಇರಲಿಲ್ಲ. ಕನ್ನಡಕ, ಕಿವಿಯ ಮೆಷಿನ್ ಹಾಕುವುದು, ಬೇಗ ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ಇದು ಯಾವ ಊರು, ಇಂದು ಯಾವ ವಾರ ಎಂದು ಮಾತಾಡಿಸುವುದು, ರಾತ್ರಿ ನಿದ್ದೆ ಕೆಡಿಸದಿರುವುದು. ಇಷ್ಟೇ.

ಹಿರಿಯರಿಗೆ ಕೊರತೆಯಿರುವುದು ತಜ್ಞರದು ಎನ್ನುವುದು ಇನ್ನೊಂದು ಒಪ್ಪಿತ ಮಾತು. ತಜ್ಞರು ಬೇಕು, ನಿಜ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ವಿ. ಎಸ್. ನಟರಾಜನ್ 1978ರಲ್ಲಿ ಹಿರಿಯರ ಹೊರರೋಗಿ ವಿಭಾಗ ತೆರೆದರು. 1996ರಲ್ಲಿ ಎಂ.ಡಿ. ಕೋರ್ಸೂ ಅಲ್ಲೇ ಆರಂಭವಾಯಿತು. ಆದರೆ 2011ರ ಜನಗಣತಿಯಲ್ಲೇ 60 ದಾಟಿದವರು 10 ಕೋಟಿ ಮೀರಿದ್ದ ದೇಶದಲ್ಲಿ ಎಲ್ಲರಿಗೂ ತಜ್ಞರನ್ನು ಒದಗಿಸುವ ದಿನ ಹತ್ತಿರದಲ್ಲಿಲ್ಲ. ಅದಕ್ಕಾಗಿ ಕಾಯಬೇಕಾಗಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಬಳಿ ಒಂದು ಕುರ್ಚಿ, ಮೂರು ಮೀಟರ್ ನೆಲ, ಒಂದು ಗಡಿಯಾರ ಇದ್ದರೆ ಸಾಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಚ್ಚರವಾಗಬೇಕು. ಆಮೇಲೆ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡಬೇಕು. ನಾಲ್ಕು ಡಾಕ್ಟರುಗಳು ಬರೆದುಕೊಟ್ಟ ಮಾತ್ರೆಗಳಲ್ಲಿ ನಿದ್ದೆಯದೋ ಬಿ.ಪಿ.ಯದೋ ಒಂದು ತಲೆ ತಿರುಗಿಸಿ ಬೀಳಿಸುತ್ತಿರಬಹುದು.

ಸರ್ಕಾರದ ಕಡೆ ನೋಡೋಣ. ಪಾಲಕರ ಪೋಷಣೆಗಾಗಿ ಬಂದ 2007ರ ಕಾಯ್ದೆಯ 20ನೇ ಕಲಮು ಹಿರಿಯರ ಚಿಕಿತ್ಸೆಯ ಬಗ್ಗೆ ಮಾತಾಡುತ್ತದೆ. ಅದರ ಮೊದಲ ಭರವಸೆ ಆಸ್ಪತ್ರೆಯ ಹಾಸಿಗೆ. 2024ರ ಅಕ್ಟೋಬರಿನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಲ್ಲಿ 5 ಲಕ್ಷ ರೂಪಾಯಿಯ ರಕ್ಷೆ ಘೋಷಣೆಯಾಯಿತು. ಬಡವರಿಗೆ ಅದು ದೊಡ್ಡ ಆಸರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಹಣ ಬರುವುದು ಆಸ್ಪತ್ರೆ ಸೇರಿದರೆ. ಬೀಳದಂತೆ ಬಚ್ಚಲಿಗೆ ಹಾಕಿಸುವ ಹಿಡಿಕೆಗೆ, ವಾರಕ್ಕೆರಡು ಸಲ ಮನೆಗೆ ಬರುವ ಫಿಸಿಯೋಥೆರಪಿಸ್ಟಿಗೆ ಅದರಲ್ಲಿ ದುಡ್ಡಿಲ್ಲ. ಸೊಂಟ ಮುರಿದರೆ ಲಕ್ಷ ಸಿಗುತ್ತದೆ, ಮುರಿಯದಂತೆ ತಡೆಯಲು ಸಾವಿರವೂ ಸಿಗುವುದಿಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದ ಕಾಗದದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವಾರದ ಕ್ಲಿನಿಕ್ಕೂ ಇದೆ, ಮನೆಭೇಟಿಯೂ ಇದೆ. ನಾವು ಒತ್ತಾಯಿಸಬೇಕಾದದ್ದು ಅದನ್ನೇ. ಆದರೆ ಹಿರಿಯರ ವಾರ್ಡಿನ ಉದ್ಘಾಟನೆಗೆ ಟೇಪು ಕತ್ತರಿಸಲು ಬರುವಷ್ಟು ಜನ ಮನೆಭೇಟಿಯ ಲೆಕ್ಕ ಕೇಳಲು ಬರುವುದಿಲ್ಲ.

ಆಕ್ಷೇಪಗಳಿವೆ. ಎಲ್ಲರನ್ನೂ ಎಲ್ಲ ಹೊತ್ತಿನಲ್ಲೂ ಎಬ್ಬಿಸಿ ಓಡಾಡಿಸಿ ಎಂದು ಯಾರೂ ಹೇಳುತ್ತಿಲ್ಲ. ಪಾರ್ಶ್ವವಾಯುವಾದ 24 ಗಂಟೆಯೊಳಗೇ ಹೆಚ್ಚು ಹೆಚ್ಚಾಗಿ ಎಬ್ಬಿಸಿದರೆ ಫಲ ಕೆಡಬಹುದೆಂದು 2015ರ ಅವರ್ಟ್ ಎಂಬ ದೊಡ್ಡ ಅಧ್ಯಯನ ತೋರಿಸಿತು. ಔಷಧಕ್ಕೆ ಪ್ರಮಾಣವಿರುವಂತೆ ನಡಿಗೆಗೂ ಇದೆ, ಅದನ್ನು ವೈದ್ಯರು ಹೇಳಬೇಕು. ನಡೆಸಿದರೆ ಬೀಳುತ್ತಾರಲ್ಲ ಎಂಬ ಭಯ ಸಹಜ. ಆದರೆ ಕೂತು ಕೂತು ಬಲಗುಂದಿದ ಕಾಲು, ಎಂದಾದರೂ ರಾತ್ರಿ ಒಬ್ಬರೇ ಎದ್ದಾಗ, ಇನ್ನೂ ಸುಲಭವಾಗಿ ಬೀಳಿಸುತ್ತದೆ. ಇದಕ್ಕೆಲ್ಲ ಮನೆಯಲ್ಲಿ ಸಮಯ ಯಾರಿಗಿದೆ ಎಂಬ ಪ್ರಶ್ನೆಯೇ ಗಟ್ಟಿಯಾದದ್ದು. ಆರೈಕೆಯ ಭಾರ ಬೀಳುವುದು ಹೆಚ್ಚಾಗಿ ಹೆಂಗಸರ ಮೇಲೆ, ಅವರಿಗೆ ಇನ್ನೊಂದು ಕೆಲಸ ಹೇಳುವುದು ನ್ಯಾಯವಲ್ಲ. ಆದರೆ ಹಾಸಿಗೆ ಹಿಡಿದವರ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು ಅದಕ್ಕಿಂತ ದೊಡ್ಡ ಕೆಲಸ, ವರ್ಷಗಟ್ಟಲೆಯ ಕೆಲಸ. ಹಿರಿಯರು ತಾವೇ ಬಚ್ಚಲಿಗೆ ಹೋಗಿಬರುವಂತಿದ್ದರೆ ಮೊದಲು ಬಿಡುಗಡೆ ಸಿಗುವುದು ಆ ಹೆಣ್ಣುಮಗಳಿಗೆ.

ಅಪ್ಪನನ್ನೋ ಅಜ್ಜಿಯನ್ನೋ ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ಬಿಲ್ಲಿನ ಜೊತೆಗೆ ಒಂದು ಪ್ರಶ್ನೆಗೂ ಉತ್ತರ ಪಡೆದುಕೊಳ್ಳಿ: ಇಲ್ಲಿಗೆ ಬರುವ ಮುಂಚೆ ಇವರು ಎಷ್ಟು ನಡೆಯುತ್ತಿದ್ದರು, ಈಗ ಎಷ್ಟು ನಡೆಯುತ್ತಾರೆ, ವ್ಯತ್ಯಾಸ ತುಂಬಲು ಏನು ಮಾಡಬೇಕು? ಈ ಉತ್ತರ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರವಣಿಗೆಯಲ್ಲಿ ಇರಬೇಕು. ಅದಿಲ್ಲದ ಚಿಕಿತ್ಸೆಯನ್ನು ಪೂರ್ಣವೆಂದು ಒಪ್ಪಬೇಡಿ.