ನಾಗವಲ್ಲಿಯ ನುಡಿ: ಅನುಕೃತಿಯಿಂದ ಮೂಲಕ್ಕೆ

ಅನುಕೃತಿಯನ್ನು ಮೊದಲು ಕಂಡು ಮೂಲವನ್ನು ಅನಂತರ ಕಾಣುವುದು ಕಾವ್ಯಾಭ್ಯಾಸಿಗಳಿಗೆ ಹೊಸತೇನೂ ಅಲ್ಲ. ಪಂಪಭಾರತದಲ್ಲಿ ತಣಿದ ಮೇಲೆ ವ್ಯಾಸಭಾರತಕ್ಕೆ ಹೋಗುವ ಕನ್ನಡಿಗರು ಎಷ್ಟೋ ಮಂದಿ. ಅಲ್ಲಿ ಕಥೆ ತಿಳಿದಿರುವುದರಿಂದ ರಸಕ್ಕೆ ಕುಂದಿಲ್ಲ. ಆದರೆ ಭಯಾನಕವೇ ಪ್ರಧಾನವಾಗಿ, ಗುಟ್ಟನ್ನು ಬಹುಕಾಲ ಕಾಯ್ದಿಡುವ ಕೃತಿಯಲ್ಲಿ ಮುನ್ನರಿವು ಭಯದ ಬೇರನ್ನೇ ಕೊಯ್ಯುವಂತೆ ತೋರುತ್ತದೆ. ಪಿ. ವಾಸು ಅವರ ಕನ್ನಡ ಚಲಚ್ಚಿತ್ರ 'ಆಪ್ತಮಿತ್ರ'ವನ್ನು (2004) ನೋಡಿದ ಬಳಿಕ ಅದರ ಮೂಲವಾದ ಫಾಜಿಲ್ ಅವರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್' (1993) ನೋಡುವವನ ಪಾಡು ಇದೇ. ಮುಚ್ಚಿದ ಕೋಣೆಯ ನರ್ತಕಿ ನಾಗವಲ್ಲಿ ಪ್ರೇತವಲ್ಲ, ಮನೆಯೊಡತಿ ಗಂಗೆಯ ಚಿತ್ತವಿಕಾರವೆಂಬುದು ಅವನಿಗೆ ಮೊದಲೇ ಗೊತ್ತು.

ಹಾಗಾದರೆ ಮೂಲದಲ್ಲಿ ಉಳಿಯುವುದೇನು? ಕತ್ತಲೆ, ಗೆಜ್ಜೆಯ ಸದ್ದು ಇವು ಉದ್ದೀಪನ ಮಾತ್ರ. ಹೊರಗೆ ಹೋಗಕೂಡದೆಂದು ಗಂಡನು ತಡೆದಾಗ ಗಂಗೆಯ ಬಾಯಿಂದ ಬೇರೊಂದು ಭಾಷೆ ಹೊರಡುವುದೇ ಭಯದ ಮರ್ಮ. ಮೂಲದ ನಾಗವಲ್ಲಿ ತಂಜಾವೂರಿನವಳು, ಆಡುವುದು ತಮಿಳು. ಕನ್ನಡದಲ್ಲಿ ಅದು ತೆಲುಗಾಯಿತು. ವಾಸು ಅವರೇ ತಮಿಳಿನಲ್ಲಿ ತೆಗೆದ 'ಚಂದ್ರಮುಖಿ'ಯಲ್ಲಿಯೂ (2005) ತೆಲುಗೇ. ಪ್ರಿಯದರ್ಶನ್ ಅವರ ಹಿಂದೀ 'ಭೂಲ್ ಭುಲೈಯಾ'ದಲ್ಲಿ (2007) ಬಂಗಾಳಿ. ನಿರ್ದೇಶಕರೆಲ್ಲರೂ ತಮ್ಮ ಪ್ರೇಕ್ಷಕರಿಗೆ ನೆರೆಯ ನುಡಿಯೊಂದನ್ನೇ ಆಯ್ದಿದ್ದಾರೆ. ಏನೂ ತಿಳಿಯದ ಭಾಷೆ ಬರಿಯ ಸದ್ದು. ಪೂರ್ತಿ ತಿಳಿದುದು ಮನೆಯ ಮಾತು. ಅರೆ ತಿಳಿದುದರಲ್ಲಿಯೇ ಹೆದರಿಕೆಗೆ ಎಡೆ.

ಈ ಲೆಕ್ಕವು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ತಪ್ಪುತ್ತದೆ. ಅನಂತಪುರದ ಗಡಿಗೆ ಹೊಂದಿದ ಈ ತಾಲ್ಲೂಕುಗಳಲ್ಲಿ ತೆಲುಗು ಅನೇಕರ ಮನೆಮಾತು. ಸಂತೆಯಲ್ಲಿ ಕನ್ನಡದಿಂದ ಮೊದಲಾದ ವಾಕ್ಯ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. (ಬ್ರಹ್ಮಗಿರಿಯ ಅಶೋಕಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಲಿಪಿಕಾರ ಚಪಡನು ಕಡೆಯ ಪದವೊಂದನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ, ಬೆರಕೆ ಈ ನೆಲಕ್ಕೆ ಹಳೆಯದು.) ಸಿಟ್ಟು ಬಂದಾಗ ಹೆಂಗಸೊಬ್ಬಳು ಕನ್ನಡ ಬಿಟ್ಟು ತೆಲುಗಿಗೆ ಹೊರಳುವುದು ಇಲ್ಲಿ ದಿನವೂ ಕಾಣುವ ಸಂಗತಿ. ಆದುದರಿಂದ ಸೌಂದರ್ಯ ಅವರ ಗಂಗೆ ಕೆರಳಿ ತೆಲುಗಾಡಿದಾಗ, ಅನ್ಯಳೊಬ್ಬಳು ಒಳಹೊಕ್ಕಂತೆ ಈ ಸೀಮೆಯ ಪ್ರೇಕ್ಷಕನಿಗೆ ಅನಿಸಬೇಕಾಗಿಲ್ಲ. ಅವಳು ತನ್ನ ಒಳಮನೆಗೆ ಮರಳಿದಂತೆ ಕಾಣುವುದೇ ಸಹಜ. ಭಯವೇನೋ ಇಳಿಯಿತು. ಆದರೆ ನಾಗವಲ್ಲಿ ಹೊರಗಿನಿಂದ ಬಂದವಳಲ್ಲವೆಂಬ ವೈದ್ಯನ ನಿದಾನಕ್ಕೆ ಈ ಗ್ರಹಿಕೆಯೇ ಹೆಚ್ಚು ಹತ್ತಿರ. ಅನುಕೃತಿಗೆ ಗಡಿನಾಡು ಕೊಟ್ಟ ಈ ಅರ್ಥವನ್ನು ಅದರ ಕರ್ತೃಗಳು ಎಣಿಸಿದ್ದರೆಂದು ಹೇಳಲಾಗದು. ಎಣಿಸಿದ್ದರೆ ಅಷ್ಟು ದೊಡ್ಡ ಸರ್ಪವನ್ನು ಕಥೆಯೊಳಗೆ ಬಿಡುತ್ತಿರಲಿಲ್ಲ. ಮೂಲದಲ್ಲಿಲ್ಲದ ಆ ಹಾವು ಮನಶ್ಶಾಸ್ತ್ರಕ್ಕೂ ಸೇರದೆ ಪ್ರೇತಕಥೆಗೂ ಸೇರದೆ ಸುಮ್ಮನೆ ಹರಿದಾಡುತ್ತದೆ. ಹೆಸರಿನ ಮಾತೂ ಹಾಗೆಯೇ: ಮಲಯಾಳದ ಹೆಸರು ಚಿತ್ತಾರದ ಬೀಗವನ್ನು ಹೇಳಿದರೆ ಕನ್ನಡದ್ದು ಬಿಡಿಸುವ ಮಿತ್ರನನ್ನು ಹೇಳುತ್ತದೆ, ತೂಕ ನಾಯಕಿಯ ಕಡೆಯಿಂದ ನಾಯಕನ ಕಡೆಗೆ ಸರಿದಿದೆ. ಇಷ್ಟಾಗಿಯೂ ಸೌಂದರ್ಯ ಅವರ ಅಭಿನಯ ಕುಗ್ಗಿಲ್ಲ. 2004ರ ಏಪ್ರಿಲ್ 17ರಂದು ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆ ಕಂಡುದು ಆಗಸ್ಟಿನಲ್ಲಿ. ಆ ದಿನಗಳ ಪ್ರೇಕ್ಷಕರ ಎದೆಯಲ್ಲಿ ಭಯವೆಷ್ಟು, ಶೋಕವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಇನ್ನು ಮೂಲ. ಮಲಯಾಳಿಗೆ ತಮಿಳು ನೆರೆಯ ನುಡಿ. ಚಳ್ಳಕೆರೆಯಿಂದ ಹೋದವನಿಗೆ ಎರಡೂ ದೂರವಾದುವು. ಮಾತು ಎಲ್ಲಿ ಮಲಯಾಳವನ್ನು ಬಿಟ್ಟು ತಮಿಳಾಯಿತೆಂಬ ಗಡಿಯೇ ಅವನ ಕಿವಿಗೆ ಸ್ಪಷ್ಟವಾಗಲಾರದು. ಗುಟ್ಟು ತಿಳಿದಿದೆ, ಭಾಷೆ ತಿಳಿಯದು: ಭಯಕ್ಕೆ ಎರಡು ಬಾಗಿಲೂ ಮುಚ್ಚಿದಂತೆ. ಆದರೂ ಆ ದೃಶ್ಯ ಮೈ ನಡುಗಿಸುತ್ತದೆ. ಶೋಭನಾ ಅವರು ಮಂಚವನ್ನು ಒಂದೇ ಕೈಯಲ್ಲಿ ಎತ್ತುವುದಕ್ಕೆ ಬಹಳ ಮುಂಚೆಯೇ, ಗಂಗೆಯ ನಗೆಯ ಹಿಂದೆ ಸಣ್ಣದೊಂದು ಬಿಗುವು ಇದೆ. ಮೊದಲ ಸಲ ನೋಡುವವನಿಗೆ ಅದು ದಕ್ಕುವುದು ಅಪರೂಪ, ಅನುಕೃತಿಯಿಂದ ಬಂದವನಿಗೆ ಅದೇ ಮೊದಲು ಕಾಣುತ್ತದೆ. ಧ್ವನಿಯ ಸಂಗತಿ ಇನ್ನೂ ವಿಚಾರಾರ್ಹ. ಗಂಗೆಗೆ ಭಾಗ್ಯಲಕ್ಷ್ಮಿಯವರೂ ನಾಗವಲ್ಲಿಗೆ ದುರ್ಗಾ ಅವರೂ ಕಂಠ ಕೊಟ್ಟಿದ್ದಾರೆ. ಎರಡನೆಯ ಹೆಸರು ಬಹುವರ್ಷ ಜನರಿಗೆ ತಿಳಿದಿರಲಿಲ್ಲ. ಒಂದು ದೇಹ, ಎರಡು ಕೊರಳು; ಭಾಷೆಯ ಗಡಿ ಕಾಣದವನ ಕಿವಿಗೂ ಈ ಗಡಿ ತಾಕುತ್ತದೆ.