ಹೂವಿನ ಮೇಲೆ ಕೂತ ಸ್ವಾಮಿ

ಪ್ರಿನ್ಸ್ ಅಂದ ಕೂಡಲೇ ಆಫೀಸಿನಲ್ಲಿ ಯಾರಾದರೂ ಒಬ್ಬರು ‘ಪರ್ಪಲ್ ರೇನ್’ ಅಂತಾರೆ. ತಪ್ಪೇನಿಲ್ಲ, ಜಗತ್ತೆಲ್ಲ ಹಾಗೇ ಅನ್ನುತ್ತದೆ. ಆದರೆ ನಾನು ಮತ್ತು ನನ್ನ ಸಂಡೂರಿನ ದೋಸ್ತ ಈ ಮನುಷ್ಯನ ಫಂಕ್ ಹಾಡುಗಳಿಗೆ ಬಿದ್ದಾಗ ನಮ್ಮ ಹತ್ತಿರ ‘ಪರ್ಪಲ್ ರೇನ್’ ಇರಲೇ ಇಲ್ಲ. ಇದ್ದದ್ದು ಅವನ ಅಭಿಮಾನಿಗಳಲ್ಲೇ ಅರ್ಧ ಜನ ಪಕ್ಕಕ್ಕಿಟ್ಟ ಎರಡು ಆಲ್ಬಂ. 1985ರ ‘ಅರೌಂಡ್ ದ ವರ್ಲ್ಡ್ ಇನ್ ಎ ಡೇ’ ಮತ್ತು 1988ರ ‘ಲವ್‌ಸೆಕ್ಸಿ’. ಇವೆರಡರಲ್ಲಿ ಯಾವುದು ಮೇಲು ಅನ್ನೋ ಜಗಳ ನಮ್ಮಿಬ್ಬರ ನಡುವೆ 2009ರಲ್ಲಿ ಶುರುವಾಗಿದ್ದು, ಇನ್ನೂ ನಡೀತಾ ಇದೆ. ನನ್ನ ಪಕ್ಷ ಮೊದಲನೆಯದು, ಅವನದು ಎರಡನೆಯದು. ಈ ಬರಹ ನನ್ನ ಅರ್ಧ ಸೋಲಿನ ಲೆಕ್ಕ.

ಆಗ ನಾವು ಹೊಸಪೇಟೆಯಲ್ಲಿ ಬಿಇ ಓದುತ್ತಿದ್ದೆವು. ನಾನು ಕಂಪ್ಲಿ ಹತ್ತಿರದ ಹಳ್ಳಿಯವ, ಅವನು ಸಂಡೂರಿನವ, ಇಬ್ಬರದೂ ಒಂದೇ ರೂಮು. ಶನಿವಾರ ಬಂತೆಂದರೆ ಅವನು ಹಂಪಿಗೆ ಹೋಗಿ, ದೋಣಿಯಲ್ಲಿ ಹೊಳೆ ದಾಟಿ, ವಿರೂಪಾಪುರ ಗಡ್ಡೆಯ ಒಂದು ಕೆಫೆಯಲ್ಲಿ ಕೆಲಸ ಮಾಡಿ ಭಾನುವಾರ ರಾತ್ರಿ ಬರುತ್ತಿದ್ದ. ವಾಪಸ್ ಹೋಗುವ ಫಾರಿನ್ ಮಂದಿ ಹಳೆ ಪುಸ್ತಕ, ಚಪ್ಪಲಿ, ಸೊಳ್ಳೆಪರದೆ ಎಲ್ಲ ಅಲ್ಲೇ ಬಿಟ್ಟು ಹೋಗೋರು. ಹಾಗೆ ಯಾರೋ ಬಿಟ್ಟುಹೋದ ಸಿಡಿ ಚೀಲದಲ್ಲಿ ಈ ಎರಡೂ ಇದ್ದವು. ಕೆಫೆಯಲ್ಲಿ ವಾರಗಟ್ಟಲೆ ಓಡಿದವು, ಆಮೇಲೆ ನಮ್ಮ ರೂಮಿಗೆ ಬಂದವು.

ಇವು ‘ಕಮ್ಮಿ’ ಆಲ್ಬಂ ಅಂತ ನಮಗೆ ಹೇಳೋರು ಯಾರೂ ಇರಲಿಲ್ಲ. ಅದು ನಮ್ಮ ಅದೃಷ್ಟ. ಕಥೆ ಗೊತ್ತಾಗಿದ್ದು ಆಮೇಲೆ. 1984ರಲ್ಲಿ ‘ಪರ್ಪಲ್ ರೇನ್’ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಸತತ 24 ವಾರ ಕೂತಿತ್ತು. ‘ಮುಂಗಾರು ಮಳೆ’ ಆದಮೇಲೆ ಗಾಂಧಿನಗರ ವರ್ಷಗಟ್ಟಲೆ ಮಳೆ ಸುರಿಸಿದ್ದು ನಿಮಗೆ ನೆನಪಿರಬಹುದು. ಪ್ರಿನ್ಸ್ ಹಾಗೆ ಮಾಡಲಿಲ್ಲ. 1985ರ ಏಪ್ರಿಲ್ 7ಕ್ಕೆ ‘ಪರ್ಪಲ್ ರೇನ್’ ಪ್ರವಾಸದ ಕೊನೆಯ ಕಾರ್ಯಕ್ರಮ ಮುಗಿಸಿ, ಎರಡೇ ವಾರದ ಮೇಲೆ, ಏಪ್ರಿಲ್ 22ಕ್ಕೆ, ಅದಕ್ಕೆ ಒಂಚೂರೂ ಹೋಲದ ಆಲ್ಬಂ ಕೈಗಿಟ್ಟ. ಮುಂಚಿತವಾಗಿ ಒಂದು ಹಾಡನ್ನೂ ಹೊರಗೆ ಬಿಟ್ಟಿರಲಿಲ್ಲ. ಅದೂ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಆದರೆ ಮಳೆಗೆ ಕಾದಿದ್ದ ಜನಕ್ಕೆ ನಿರಾಸೆ. ವಿಮರ್ಶಕರು ಬೀಟಲ್ಸ್ ಹೆಸರು ತೆಗೆದು ಅವರ ನೆರಳು ಅಂದರು.

ಆಲ್ಬಂನ ಮೊದಲ ಹಾಡಿನಲ್ಲೇ ಊದ್ ಎಂಬ ಅರಬರ ತಂತಿವಾದ್ಯ ಇದೆ. ಜೊತೆಗೆ ದರ್ಬುಕ, ಬೆರಳಿಗೆ ಹಾಕಿಕೊಂಡು ಬಡಿಯುವ ಪುಟ್ಟ ತಾಳ. ಬ್ಯಾಂಡಿನ ಲೀಸಾ ಕೋಲ್ಮನ್ ಅವರ ತಮ್ಮ ಡೇವಿಡ್ ನುಡಿಸಿದ್ದು. ಉರುಸಿನ ರಾತ್ರಿ ಕವಾಲಿ ಕೇಳಿ ಬೆಳೆದ ನನಗೆ ಇದು ಬೀಟಲ್ಸ್ ಅನ್ನಿಸಲಿಲ್ಲ, ಗುರುತಿನವರ ಮನೆ ಅನ್ನಿಸಿತು. ‘ರಾಸ್ಪ್‌ಬೆರಿ ಬೆರೆ’ಯಲ್ಲಿ ಅಂಗಡಿ ಕೆಲಸಕ್ಕಿದ್ದ ಸೋಮಾರಿ ಹುಡುಗ, ಟೋಪಿ ಹಾಕ್ಕೊಂಡು ಬಂದ ಹುಡುಗಿ, ಕೊಟ್ಟಿಗೆಯ ಮಾಡಿನ ಮೇಲೆ ಬೀಳುವ ಮಳೆ. ಇಂಗ್ಲಿಷ್ ಹಾಡಿನಲ್ಲಿ ಕೊಟ್ಟಿಗೆ ಇರಬಹುದು ಅಂತ ನನಗೆ ಮೊದಲ ಸಲ ಗೊತ್ತಾಗಿದ್ದು ಅಲ್ಲಿ. ಹಾಡು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಬಂತು. ‘ಕಂಡಿಷನ್ ಆಫ್ ದ ಹಾರ್ಟ್’ನಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಬರೀ ಪಿಯಾನೊ ಅಲೆದಾಡಿ ಆಮೇಲೆ ದನಿ ಬರುತ್ತದೆ. ದೊಡ್ಡ ಹಿಟ್ ಕೊಟ್ಟ ಮರುವರ್ಷವೇ ಇಷ್ಟು ಹೊತ್ತು ಕೇಳುಗರನ್ನು ಕಾಯಿಸೋಕೆ ಧೈರ್ಯ ಬೇಕು.

ಫಂಕ್ ಎಲ್ಲಿ ಅಂತೀರಾ? ಅದಕ್ಕೆ ಮೊದಲು ಫಂಕ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ, ಯಾಕೆಂದರೆ ಇದು ನಿಮಗೆ ಆಗಲೇ ಗೊತ್ತು. ‘ಗೀತಾ’ ಸಿನಿಮಾದ ‘ಸಂತೋಷಕ್ಕೆ’ ಹಾಡಿಗೆ ಕಾಲು ಕುಣಿಸದ ಕನ್ನಡಿಗ ಇಲ್ಲ. ಇಳಯರಾಜ 1981ರಲ್ಲಿ ಮಾಡಿದ್ದು. ಅದರಲ್ಲಿ ರಾಗದ ಕೆಳಗೆ ಬೇಸ್ ಗಿಟಾರ್ ಮಾಡುವ ತುಂಟಾಟ ಇದೆಯಲ್ಲ, ಫಂಕಿನಲ್ಲಿ ಅದೇ ಯಜಮಾನ. ಇದರ ಹಿರಿಯ ಜೇಮ್ಸ್ ಬ್ರೌನ್ ತನ್ನ ವಾದಕರಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಮೊದಲ ಪೆಟ್ಟಿನ ಮೇಲೆ ಎಲ್ಲರೂ ಒಟ್ಟಿಗೆ ಬೀಳಬೇಕು, ನಡುವೆ ಏನಾದರೂ ಮಾಡಿಕೊಳ್ಳಿ. ನಮ್ಮ ತಬಲಾದವರು ಇದನ್ನೇ ಸಮ ಅಂತಾರೆ. ನಮ್ಮೂರಲ್ಲಿ ಅಲೈ ಹಬ್ಬದ ರಾತ್ರಿ ಗುಣಿಯ ಸುತ್ತ ಹೆಜ್ಜೆ ಹಾಕುವಾಗ ಹಲಗೆಯವನು ನಡುವೆ ಎಷ್ಟೇ ಆಟ ಆಡಲಿ, ಆ ಒಂದು ಪೆಟ್ಟಿಗೆ ಇಡೀ ಊರಿನ ಕಾಲು ಒಟ್ಟಿಗೆ ನೆಲಕ್ಕೆ ಬೀಳುತ್ತದೆ. ಅದು ಫಂಕ್.

‘ಅರೌಂಡ್ ದ ವರ್ಲ್ಡ್’ನಲ್ಲಿ ಆ ಪೆಟ್ಟು ‘ಟ್ಯಾಂಬೊರಿನ್’, ‘ಅಮೆರಿಕ’, ‘ಪಾಪ್ ಲೈಫ್’ ಮೂರರಲ್ಲಿ ಸಿಗುತ್ತದೆ. ‘ಟ್ಯಾಂಬೊರಿನ್’ ಮೂರು ನಿಮಿಷವೂ ಇಲ್ಲ, ಹೆಚ್ಚುಕಮ್ಮಿ ಡ್ರಮ್ಸ್ ಮತ್ತು ಕೀರಲು ದನಿ ಅಷ್ಟೇ, ಆದರೂ ಹೊಟ್ಟೆ ತುಂಬುತ್ತದೆ. ‘ಅಮೆರಿಕ’ದ ಉದ್ದನೆಯ ಆವೃತ್ತಿ 21 ನಿಮಿಷಕ್ಕೂ ಹೆಚ್ಚಿದೆ. ಒಂದೇ ಲಯ ಹಿಡಿದು ಅಷ್ಟು ಹೊತ್ತು ಬಿಡದೆ ಬಾರಿಸುವುದು ಭಜನೆಯವರಿಗೆ ಮಾತ್ರ ಸಾಧ್ಯ ಅಂದುಕೊಂಡಿದ್ದೆ. ಆಲ್ಬಂ ಸೋಲುವುದು ಕೊನೆಗೆ. ‘ದ ಲ್ಯಾಡರ್’ ನೀತಿಕಥೆ ಹೇಳುತ್ತದೆ. ‘ಟೆಂಪ್ಟೇಷನ್’ ಎಂಟು ನಿಮಿಷ ಕಾಮದ ಬಗ್ಗೆ ಕಿರುಚಾಡಿ, ಕೊನೆಗೆ ದೇವರ ದನಿಯಿಂದ ಬೈಸಿಕೊಂಡು ತಪ್ಪಾಯ್ತು ಅನ್ನುತ್ತದೆ. ದೇವರ ದನಿ ಕೂಡ ಪ್ರಿನ್ಸ್‌ದೇ. ಇಷ್ಟು ಒಳ್ಳೆ ಊಟ ಹಾಕಿ ಕೈ ತೊಳೆಯುವಾಗ ಉಪದೇಶ ಮಾಡಿದ ಹಾಗೆ. ಇದನ್ನು ನಾನು ಹದಿನೈದು ವರ್ಷ ದೋಸ್ತನ ಎದುರು ಒಪ್ಪಿಕೊಂಡಿರಲಿಲ್ಲ.

ಈಗ ಅವನ ಆಲ್ಬಂಗೆ ಬರೋಣ. 1987ರ ಡಿಸೆಂಬರಿನಲ್ಲಿ ‘ದ ಬ್ಲ್ಯಾಕ್ ಆಲ್ಬಂ’ ಬರಬೇಕಿತ್ತು. ಗಟ್ಟಿ ಫಂಕ್, ಒರಟು ಮಾತು. ಡಿಸ್ಕುಗಳೆಲ್ಲ ಅಚ್ಚಾಗಿ ಬಿಡುಗಡೆಗೆ ಇನ್ನೇನು ಒಂದು ವಾರ ಅನ್ನುವಾಗ ಪ್ರಿನ್ಸ್‌ಗೆ ಅದರಲ್ಲಿ ಕೆಡುಕು ತುಂಬಿದೆ ಅನ್ನಿಸಿಬಿಟ್ಟಿತು. ನಿಲ್ಲಿಸಿಬಿಟ್ಟ. ಅದು ಅಧಿಕೃತವಾಗಿ ಹೊರಬಂದದ್ದು 1994ರಲ್ಲಿ. ಅದರ ಜಾಗಕ್ಕೆ 1988ರ ಮೇ ತಿಂಗಳಲ್ಲಿ ಬಂದದ್ದು ‘ಲವ್‌ಸೆಕ್ಸಿ’. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಸ್ವಂತ ದೇಶದಲ್ಲಿ ಹನ್ನೊಂದನೆಯದು. ಮುಖಪುಟ ನೋಡಿ ಕೆಲವು ಅಂಗಡಿಯವರು ಅದನ್ನು ಇಡಲೇ ಇಲ್ಲ. ಛಾಯಾಗ್ರಾಹಕ ಜಾನ್ ಬ್ಯಾಪ್ಟಿಸ್ಟ್ ಮೊಂಡಿನೊ ತೆಗೆದ ಚಿತ್ರ: ಅರಳಿದ ದೊಡ್ಡ ಹೂವಿನ ಮೇಲೆ ಪ್ರಿನ್ಸ್ ಬರಿಮೈಯಲ್ಲಿ ಕೂತು ಎದೆ ಮೇಲೆ ಕೈ ಇಟ್ಟುಕೊಂಡಿದ್ದಾನೆ.

ಆ ಸಿಡಿಯನ್ನು ದಸರಾ ರಜೆಗೆ ಊರಿಗೆ ಒಯ್ದಾಗ ಹಳೆ ಪ್ರಶ್ನೆಪತ್ರಿಕೆಗಳ ನಡುವೆ ಬಚ್ಚಿಟ್ಟಿದ್ದೆ. ಹೆಸರೇ ಹಂಗಿದೆ, ಮೇಲೆ ಈ ಚಿತ್ರ. ಕಸ ಹೊಡೆಯುವಾಗ ಅವ್ವನ ಕೈಗೆ ಸಿಕ್ಕಿತು. ನನಗೆ ಎದೆ ಧಸಕ್ ಅಂತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದ್ಯಾವ ಸ್ವಾಮಿಯಪ್ಪ, ಹೂವಿನ ಮ್ಯಾಲೆ ಕುಂತಾನ?” ಅಂತ ಕೇಳಿ, ಸೆರಗಿನಿಂದ ದೂಳು ಒರೆಸಿ, ಲಕ್ಷ್ಮಿ ಕ್ಯಾಲೆಂಡರಿನ ಕೆಳಗಿನ ಗೂಡಿನಲ್ಲಿ ಇಟ್ಟಳು. ಆಗ ನಕ್ಕಿದ್ದೆ. ಈ ಆಲ್ಬಂ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಅವ್ವನ ಮಾತು ಹತ್ತಿರ ಇತ್ತು ಅಂತ ಈಗ ಅನ್ನಿಸುತ್ತದೆ.

ನಮ್ಮ ಜಗಳ ಶುರುವಾಗಿದ್ದು ಮಾತ್ರ ಚಿತ್ರಕ್ಕಲ್ಲ. ಆ ಸಿಡಿಯಲ್ಲಿ ಒಂಬತ್ತು ಹಾಡಿವೆ, ಆದರೆ ಟ್ರ್ಯಾಕ್ ಒಂದೇ. ನಲವತ್ತೈದು ನಿಮಿಷ. ಪ್ರಿನ್ಸ್ ಬೇಕಂತಲೇ ಹಾಗೆ ಮಾಡಿದ್ದ. ಬೇಕಾದ ಹಾಡಿಗೆ ಹಾರುವ ಹಾಗಿಲ್ಲ, ಕೇಳಿದರೆ ಮೊದಲಿನಿಂದ ಕೇಳಬೇಕು. ಕೆಫೆಯಲ್ಲಿ ಟೇಬಲ್ ಒರೆಸುತ್ತ ಓಡಾಡುವ ದೋಸ್ತನಿಗೆ ಅದರಿಂದ ತೊಂದರೆ ಇರಲಿಲ್ಲ. ನಾನು ಕಂಪ್ಯೂಟರ್ ಸೈನ್ಸ್ ಹುಡುಗ. ಒಂದು ರಾತ್ರಿ ಕೂತು ಆ ಫೈಲನ್ನು ಒಂಬತ್ತು ತುಂಡು ಮಾಡಿ, ಹೆಸರು ಕೊಟ್ಟು, ನನಗೆ ಬೇಕಾದ ಮೂರನ್ನು ಮಾತ್ರ ಮೊಬೈಲಿಗೆ ಹಾಕಿಕೊಂಡೆ. ಹೆಮ್ಮೆಯಿಂದ ತೋರಿಸಿದೆ. ಅವನ ಮುಖ ಕೆಂಪಾಯಿತು.

“ಲೇ ಮಾಮ, ಬಾಳೆ ಎಲಿ ಹರದು ಪಲ್ಯಕ್ಕೊಂದು ತುಂಡು, ಅನ್ನಕ್ಕೊಂದು ತುಂಡು ಕೊಟ್ಟಂಗ ಮಾಡೀಯಲ್ಲಲೇ,” ಅಂದ. ಎರಡು ದಿನ ಮಾತಾಡಲಿಲ್ಲ.

ತುಂಡು ಮಾಡಿ ಕೇಳಿದರೆ ‘ಲವ್‌ಸೆಕ್ಸಿ’ ನಿಜಕ್ಕೂ ಕಮ್ಮಿ ಆಲ್ಬಂ. ನನ್ನ ವಾದಕ್ಕೆ ಅದೇ ಆಧಾರವಾಗಿತ್ತು. ‘ಆಲ್ಫಬೆಟ್ ಸ್ಟ್ರೀಟ್’ ಒಂದು ಬಿಟ್ಟರೆ ತಾನಾಗಿ ನಿಲ್ಲುವ ಹಾಡು ಕಡಿಮೆ. ಎಲ್ಲ ಮೂಲೆಗೂ ಸದ್ದು ತುಂಬಿದ್ದಾನೆ, ಬೇಸಿಗೆ ಉಸಿರಾಡಲು ಜಾಗ ಇಲ್ಲ. ‘ಗ್ಲ್ಯಾಮ್ ಸ್ಲ್ಯಾಮ್’ ಜಾತ್ರೆಯ ಬಸ್ಸಿನಂತೆ, ಒಳಗೆ ಹೋದವರು ಇಳಿಯೋಕೆ ದಾರಿಯಿಲ್ಲ. ‘ಪಾಸಿಟಿವಿಟಿ’ ಮತ್ತೆ ಉಪದೇಶ. ಹಾಡಿಗೆ ಹಾಡು ಇಟ್ಟು ತೂಗಿದರೆ ‘ಅರೌಂಡ್ ದ ವರ್ಲ್ಡ್’ ಗೆಲ್ಲುತ್ತದೆ, ಇವತ್ತಿಗೂ ನನ್ನ ತೀರ್ಪು ಅದೇ.

2011ರಲ್ಲಿ ನಾನು ಬೆಂಗಳೂರಿಗೆ ಬಂದೆ, ಅವನು ಅಲ್ಲೇ ಉಳಿದ. 2016ರ ಏಪ್ರಿಲ್ 21ಕ್ಕೆ ಪ್ರಿನ್ಸ್ ತೀರಿಕೊಂಡಾಗ ಫೋನಿನಲ್ಲಿ ಇಬ್ಬರೂ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವನು ಸತ್ತದ್ದು ಪೇಸ್ಲಿ ಪಾರ್ಕ್ ಎಂಬ ತನ್ನದೇ ಸ್ಟುಡಿಯೊದಲ್ಲಿ. ‘ಪೇಸ್ಲಿ ಪಾರ್ಕ್’ ಅನ್ನೋದು ಮೊದಲು ನನ್ನ ಮೆಚ್ಚಿನ ಆಲ್ಬಂನ ಎರಡನೇ ಹಾಡು. ಹಾಡು ಬಂದು ಎರಡು ವರ್ಷದ ಮೇಲೆ ಕಟ್ಟಡ ಎದ್ದಿತು. 2020ರಲ್ಲಿ ಗಡ್ಡೆಯ ರೆಸಾರ್ಟುಗಳ ತೆರವಾಯಿತು, ಕೆಫೆಯೂ ಹೋಯಿತು. ಅದರ ಬೆನ್ನಿಗೇ ಲಾಕ್‌ಡೌನ್. ದೋಸ್ತ ಒಂದು ಹಳೆ ಓಮ್ನಿ ತಗೊಂಡು ಹೊಸಪೇಟೆ ಸ್ಟೇಷನ್ನಿನಿಂದ ಹಂಪಿಗೆ ಬಾಡಿಗೆ ಹೊಡೆಯೋಕೆ ಶುರು ಮಾಡಿದ.

ಹೋದ ದೀಪಾವಳಿಗೆ ರೈಲಿಳಿದಾಗ ಅವನೇ ಬಂದ, ಊರಿಗೆ ಬಿಡ್ತೀನಿ ಅಂತ. ಗಾಡಿ ಹೊರಟ ಕೂಡಲೇ ಹಾಕಿದ್ದು ಆ ಹಳೆ ಫೈಲ್, ತುಂಡು ಮಾಡದ್ದು. ನನಗೆ ರಿಮೋಟ್ ಕೊಡಲಿಲ್ಲ.

ಪೇಟೆಯ ಗದ್ದಲ ದಾಟುವಷ್ಟರಲ್ಲಿ ‘ಐ ನೋ’ ಮುಗಿದು ‘ಆಲ್ಫಬೆಟ್ ಸ್ಟ್ರೀಟ್’ ಹಿಡಿಯಿತು. ಕಮಲಾಪುರದ ಬಾಳೆತೋಟಗಳ ಪಕ್ಕ ‘ಗ್ಲ್ಯಾಮ್ ಸ್ಲ್ಯಾಮ್’ ತನ್ನೆಲ್ಲ ಸದ್ದು ಸುರಿಯಿತು. ಇಳಿಯೋಕೆ ದಾರಿಯಿಲ್ಲ, ಕೂತೆ. ಆಮೇಲೆ ಕೆರೆಯ ಹತ್ತಿರ ಎಲ್ಲ ನಿಂತು ಒಂಟಿ ಪಿಯಾನೊ ಬಂತು. ‘ಆನ ಸ್ಟೇಸಿಯ’. ಒಬ್ಬನೇ ಇರುವವನ ಹಾಡು. ಮೈಯ ಆಸೆಯಿಂದ ಶುರುವಾಗಿ, ಯಾರನ್ನು ಕರೆಯುತ್ತಿದ್ದಾನೆ ಎಂದು ಗೊತ್ತಾಗದ ಹಾಗೆ ಏರಿ, ಕೊನೆಗೆ ಸಾಮೂಹಿಕ ಪ್ರಾರ್ಥನೆಯಾಗುತ್ತದೆ. ನಾನು ಕತ್ತರಿಸಿ ಮೊಬೈಲಿನಲ್ಲಿ ನೂರು ಸಲ ಕೇಳಿದ ಹಾಡೇ. ಆದರೆ ಹಿಂದಿನ ಹದಿನಾರು ನಿಮಿಷದ ಗದ್ದಲ ಇಲ್ಲದೆ ಆ ಮೌನ ಇಷ್ಟು ದೊಡ್ಡದು ಅಂತ ನನಗೆ ತಿಳಿದೇ ಇರಲಿಲ್ಲ. ಆ ಗದ್ದಲ ತಪ್ಪಾಗಿರಲಿಲ್ಲ. ಅದನ್ನು ಕತ್ತರಿಸಿ ಬಿಸಾಕಿದವ ನಾನು.

ಇನ್ನೊಂದು ವಿಷಯವೂ ಅಲ್ಲೇ ಹೊಳೆಯಿತು. ‘ಟೆಂಪ್ಟೇಷನ್’ನಲ್ಲಿ ಮೈ ಒಂದು ಕಡೆ, ದೇವರು ಒಂದು ಕಡೆ ನಿಂತು ಜಗಳ ಆಡುತ್ತಾರೆ, ಮೈ ಸೋಲುತ್ತದೆ. ಮೂರು ವರ್ಷದ ಮೇಲೆ ಅದೇ ಮನುಷ್ಯ ಎರಡನ್ನೂ ಸೇರಿಸಿ ಒಂದೇ ಪದ ಮಾಡಿ ಆಲ್ಬಂಗೆ ಹೆಸರಿಟ್ಟ. ಅಮೆರಿಕದ ಅಂಗಡಿಯವನಿಗೆ ಇದು ಮುಜುಗರ. ವಿರೂಪಾಕ್ಷನ ಗೋಪುರದ ಗಾರೆಯಲ್ಲಿ ಮಿಥುನದ ಗೊಂಬೆಗಳಿವೆ. ಅದರ ಕೆಳಗೆ ನಾವು ಸಣ್ಣವರಿದ್ದಾಗಿಂದ ಅವ್ವನ ಕೈ ಹಿಡಿದು ಹಣ್ಣುಕಾಯಿ ಮಾಡಿಸೋಕೆ ಹೋಗಿದ್ದೇವೆ. ಅವ್ವ ಆ ಸಿಡಿಯನ್ನು ಗೂಡಿನಲ್ಲಿ ಇಟ್ಟದ್ದು ಪೆದ್ದುತನದಿಂದ ಅಲ್ಲ.

ರಾಮಸಾಗರದ ಹತ್ತಿರ ‘ಐ ವಿಶ್ ಯು ಹೆವನ್’ ಬರುವಾಗ ನಾನು ಒಪ್ಪಿಕೊಂಡೆ. ಹಾಡುಗಳು ನನ್ನವು ಮೇಲು, ಆಲ್ಬಂ ನಿನ್ನದು ಮೇಲು ಅಂತ. ಅವನು ಕಬ್ಬಿನ ಟ್ರ್ಯಾಕ್ಟರಿಗೆ ಸೈಡ್ ಕೊಡುತ್ತ, “ಅರ್ಧ ಒಪ್ಪಿದ್ರ ಒಪ್ಪಿದಂಗಲ್ಲಲೇ,” ಅಂದ.

ಹಾಗಾಗಿ ಜಗಳ ಇನ್ನೂ ಇದೆ. ನೀವು ಕೇಳುವುದಾದರೆ ‘ಅರೌಂಡ್ ದ ವರ್ಲ್ಡ್’ ಅನ್ನು ಹೇಗೆ ಬೇಕಾದರೂ ಕೇಳಿ, ಎರಡು ಮೀಟಿಂಗಿನ ನಡುವೆ ಒಂದೊಂದು ಹಾಡಾದರೂ ನಡೆಯುತ್ತದೆ, ಕೊನೆಯ ಎರಡನ್ನು ಬಿಟ್ಟರೂ ನಾನು ಬೇಜಾರು ಮಾಡಿಕೊಳ್ಳಲ್ಲ. ‘ಲವ್‌ಸೆಕ್ಸಿ’ಗೆ ಮುಕ್ಕಾಲು ಗಂಟೆಯ ರಸ್ತೆ ಬೇಕು, ಓಡಿಸೋದು ಬೇರೆಯವರಾಗಿರಬೇಕು, ಫೋನು ಅವರ ಕೈಲಿರಬೇಕು.